ಇಚಿರೋ ಆಡಿದ ಚೆಂಡು ನನ್ನ ಕಪಾಟಿಗೆ ಬಂದ ಬಗೆ

ನಾನು ಕೂಡಿಡುವುದು ಒಬ್ಬನೇ ಆಟಗಾರನ ವಸ್ತುಗಳನ್ನು. ಅಮೆರಿಕದ ಬೇಸ್‌ಬಾಲ್ ತಂಡ ಸಿಯಾಟಲ್ ಮ್ಯಾರಿನರ್ಸ್‌ನ ಇಚಿರೋ ಸುಜುಕಿ, ಜೆರ್ಸಿ ನಂಬರ್ 51. ಅವನು ಸಹಿ ಹಾಕಿದ ಚೆಂಡು, ಅವನು ಎದುರಿಸಿದ ಚೆಂಡುಗಳು, ಅವನ ಕೈಯಲ್ಲಿ ಬಿರುಕು ಬಿಟ್ಟ ಒಂದು ಬ್ಯಾಟು, ಕೆಲವು ಕಾರ್ಡು, ಟಿಕೆಟ್ಟು. ಬೇರೆಯವರ ವಸ್ತು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳುವುದಿಲ್ಲ. ಇದಕ್ಕೆ ಅಭಿಮಾನವೊಂದೇ ಕಾರಣವಲ್ಲ. ಒಬ್ಬನನ್ನೇ ಹಿಡಿದುಕೊಂಡರೆ ಅವನ ಸಹಿ, ಅವನ ಬ್ಯಾಟು, ಅವನ ಅಭ್ಯಾಸಗಳು ನಮ್ಮ ಕಣ್ಣಿಗೆ ಪಳಗುತ್ತವೆ. ನಕಲಿ ಮುಂದೆ ಬಂದರೆ ಏನೋ ಸರಿಯಿಲ್ಲ ಅಂತ ಬೇಗ ಹೊಳೆಯುತ್ತದೆ. ಹತ್ತು ಆಟಗಾರರ ಹಿಂದೆ ಹೋದವರಿಗೆ ಈ ಕಣ್ಣು ಬರುವುದು ಕಷ್ಟ.

ಸಾಫ್ಟ್‌ವೇರ್ ಕೆಲಸಕ್ಕೆಂದು ತುಮಕೂರಿನಿಂದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಬಂದಾಗ ನನಗೆ ಗೊತ್ತಿದ್ದದ್ದು ಕ್ರಿಕೆಟ್ ಮಾತ್ರ. ಬೇಸ್‌ಬಾಲ್ ಹತ್ತಿರ ಬಂದದ್ದು ಇಚಿರೋನಿಂದ. ಎಡಗೈ ಬ್ಯಾಟರ್. ಚೆಂಡು ಬ್ಯಾಟಿಗೆ ತಾಗುವಷ್ಟರಲ್ಲಿ ಅವನ ಕಾಲು ಆಗಲೇ ಮೊದಲ ಬೇಸಿನ ಕಡೆ, ಅಂದರೆ ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಗುರುತಿನ ಕಡೆ, ಹೊರಟಿರುತ್ತಿತ್ತು. ನಾಲ್ಕು ಸೆಕೆಂಡಿನೊಳಗೆ ಅಲ್ಲಿ ಮುಟ್ಟಿಬಿಡುತ್ತಿದ್ದ. ಫೀಲ್ಡರ್ ಚೆಂಡು ಎತ್ತಿ ಎಸೆಯುವ ಹೊತ್ತಿಗೆ ಇವನು ಸೇಫ್. ಗ್ಯಾಪ್ ಹುಡುಕಿ ಚೆಂಡು ತೂರಿಸಿ ಓಡುವ ಆಟ ನೋಡಿ ಬೆಳೆದವನಿಗೆ ಇದು ಹಿಡಿಸದೆ ಇರುತ್ತದೆಯೇ?

ಜಪಾನಿನ ಓರಿಕ್ಸ್ ತಂಡದಿಂದ 2001ರಲ್ಲಿ ಬಂದ. ಮೊದಲ ವರ್ಷವೇ 242 ಹಿಟ್. ಹಿಟ್ ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು. ವರ್ಷದ ಹೊಸ ಆಟಗಾರ, ಲೀಗಿನ ಅತ್ಯುತ್ತಮ ಆಟಗಾರ, ಎರಡೂ ಗೌರವ ಅವನಿಗೇ. 2004ರಲ್ಲಿ 262 ಹಿಟ್ ಹೊಡೆದು, ಒಂದೇ ಸೀಸನ್ನಿನ ಹಿಟ್‌ಗಳಲ್ಲಿ 1920ರಲ್ಲಿ ಜಾರ್ಜ್ ಸಿಸ್ಲರ್ ಮಾಡಿದ್ದ 257ರ ದಾಖಲೆಯನ್ನು ಮುರಿದ. 84 ವರ್ಷ ಯಾರೂ ಮುಟ್ಟದ ದಾಖಲೆ ಅದು. 2009ರಲ್ಲಿ ಆಲ್ ಸ್ಟಾರ್ ಪಂದ್ಯಕ್ಕೆ ಸೇಂಟ್ ಲೂಯಿಸ್‌ಗೆ ಹೋದಾಗ ಸಿಸ್ಲರ್ ಸಮಾಧಿಗೆ ಹೋಗಿ ಹೂವಿಟ್ಟು ಬಂದ. ಇಂಥವನ ವಸ್ತು ಮನೆಯಲ್ಲಿ ಇರಬೇಕು ಅಂತ ನನಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ?

ಶುರು ಮಾಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಒಂದೇ ಚೆಂಡು 80 ಓವರ್ ಬಾಳುತ್ತದೆ. ಬೇಸ್‌ಬಾಲಿನಲ್ಲಿ ಚೆಂಡಿನ ಆಯಸ್ಸು ಕೆಲವೇ ಎಸೆತ. ಮಣ್ಣಿಗೆ ಬಿದ್ದರೆ ಸಾಕು, ಅಂಪೈರ್ ಬೇರೆ ಚೆಂಡು ಕೊಡುತ್ತಾನೆ. ಒಂದು ಪಂದ್ಯಕ್ಕೆ ನೂರರ ಆಸುಪಾಸು ಚೆಂಡು ಖರ್ಚಾಗುತ್ತವೆ. ಹಾಗಾಗಿ ಒಂದು ಚೆಂಡನ್ನು ಯಾರು ಎಸೆದರು, ಯಾರು ಎದುರಿಸಿದರು, ಆಗ ಏನಾಯಿತು ಅಂತ ನಿಖರವಾಗಿ ಹೇಳಬಹುದು. ನನ್ನಂಥ ಸಂಬಳದವನಿಗೂ ನಿಜವಾದ ಪಂದ್ಯದ ಚೆಂಡು ಸಿಗುವುದು ಇದರಿಂದಲೇ.

ಹಾಗೆ ಹೇಳುವ ವ್ಯವಸ್ಥೆಯೂ ಇದೆ. 1990ರ ದಶಕದಲ್ಲಿ ನಕಲಿ ಸಹಿಗಳ ಹಾವಳಿ ಮಿತಿ ಮೀರಿತ್ತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸಿದ ಆಪರೇಷನ್ ಬುಲ್‌ಪೆನ್ ದಾಳಿಗಳಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್‌ಗಳೂ ಸಿಕ್ಕವು! ಆ ತಾಯಿಯ ಹೆಸರನ್ನೂ ಬಿಡದೆ ಚೆಂಡಿನ ಮೇಲೆ ಗೀಚಿ ಮಾರಿದ್ದರು ಅಂದರೆ ಆಗಿನ ಮಾರುಕಟ್ಟೆ ಹೇಗಿತ್ತು ಅಂತ ಊಹಿಸಿ. ಆಮೇಲೆ 2001ರಲ್ಲಿ ಅಲ್ಲಿನ ವೃತ್ತಿಪರ ಬೇಸ್‌ಬಾಲ್ ನಡೆಸುವ ಮೇಜರ್ ಲೀಗ್ ತನ್ನದೇ ದೃಢೀಕರಣ ವ್ಯವಸ್ಥೆ ತಂದಿತು. ಪ್ರತಿ ಪಂದ್ಯಕ್ಕೂ ವಸ್ತು ಅಸಲಿ ಅಂತ ದೃಢೀಕರಿಸುವ ಅಥೆಂಟಿಕೇಟರ್ ಕನಿಷ್ಠ ಒಬ್ಬರು ಡಗೌಟ್ ಹತ್ತಿರ ಕೂರುತ್ತಾರೆ. ಹೆಚ್ಚಿನವರು ಪೊಲೀಸರು ಅಥವಾ ನಿವೃತ್ತ ಪೊಲೀಸರು. ಆಟದಿಂದ ಹೊರಬಂದ ಚೆಂಡು ಅವರ ಕಣ್ಣೆದುರೇ ಕೈ ಸೇರಬೇಕು. ಆಗಲೇ ಅದಕ್ಕೆ ಹೊಲೊಗ್ರಾಂ ಸ್ಟಿಕರ್ ಅಂಟಿಸಿ, ಅದರ ನಂಬರಿಗೆ ಪಂದ್ಯದ ವಿವರ ಸೇರಿಸುತ್ತಾರೆ. ಆ ನಂಬರನ್ನು ಲೀಗಿನ ಜಾಲತಾಣದಲ್ಲಿ ಹಾಕಿ ಯಾರು ಬೇಕಾದರೂ ನೋಡಬಹುದು. ಸ್ಟಿಕರ್ ಕೀಳಲು ಹೋದರೆ ಹರಿಯುತ್ತದೆ, ಬೇರೆ ಚೆಂಡಿಗೆ ಅಂಟಿಸಲು ಆಗುವುದಿಲ್ಲ.

ಅವರ ಕಣ್ಣು ತಪ್ಪಿದ ವಸ್ತುವಿಗೆ ಸ್ಟಿಕರ್ ಇಲ್ಲ. ನೀವು ಸ್ಟ್ಯಾಂಡಿನಲ್ಲಿ ಕೂತು ಗೆರೆಯ ಹೊರಗೆ ಹಾರಿಬಂದ ಇಚಿರೋನ ಫೌಲ್ ಬಾಲನ್ನು ಸ್ವಂತ ಕೈಯಿಂದ ಹಿಡಿದಿರಿ ಅಂತಿಟ್ಟುಕೊಳ್ಳಿ. ಅದಕ್ಕೂ ಇಲ್ಲ. ಜನರ ನಡುವೆ ಬಿದ್ದ ಮೇಲೆ ಅದೇ ಚೆಂಡು ಅಂತ ಪ್ರಮಾಣ ಮಾಡುವವರು ಯಾರು? ಕೇಳಲು ಕಠಿಣ ಅನ್ನಿಸುತ್ತದೆ, ಆದರೆ ಈ ಕಠಿಣತನವನ್ನು ನಾನು ಮೆಚ್ಚುತ್ತೇನೆ. ದೊಡ್ಡ ದಾಖಲೆ ಹತ್ತಿರ ಬಂದಾಗ ಮಾತ್ರ ಗುಟ್ಟಾಗಿ ಗುರುತು ಹಾಕಿದ ಚೆಂಡುಗಳನ್ನು ಆಟಕ್ಕೆ ಇಳಿಸುತ್ತಾರೆ.

ಪಂದ್ಯದ ಚೆಂಡುಗಳಲ್ಲಿ ನಾನು ಮೊದಲು ಕೊಂಡದ್ದು ಇಚಿರೋ ಹೊಡೆಯದೆ ಬಿಟ್ಟದ್ದನ್ನು. ಪಿಚರ್ ಎಸೆದ, ಚೆಂಡು ಅವನ ಮುಂದೆ ಮಣ್ಣಿಗೆ ಬಿತ್ತು, ಅಂಪೈರ್ ಬದಲಾಯಿಸಿದ. ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವುದು ಇಂಥವೇ, ಬೆಲೆಯೂ ಕಡಿಮೆ. ಹೊಸಬರಿಗೆ ನಾನು ಹೇಳುವುದು ಇಲ್ಲಿಂದಲೇ ಶುರು ಮಾಡಿ ಅಂತ. ಆ ಚೆಂಡನ್ನು ಕೈಯಲ್ಲಿ ಹಿಡಿದರೆ ಕಲಿಯುವುದು ಬಹಳ ಇದೆ. ಹೊಸ ಚೆಂಡಿನ ಹಾಗೆ ಅದು ಬೆಳ್ಳಗಿರುವುದಿಲ್ಲ, ತೆಳುವಾದ ಕಂದು ಛಾಯೆ ಇರುತ್ತದೆ. ಪಂದ್ಯಕ್ಕೆ ಮೊದಲು ಪ್ರತಿ ಚೆಂಡಿಗೂ ಡೆಲವೇರ್ ನದಿಯ ಕೆಸರನ್ನು ತೆಳ್ಳಗೆ ಉಜ್ಜುತ್ತಾರೆ, ಪಿಚರ್‌ಗೆ ಹಿಡಿತ ಸಿಗಲಿ ಅಂತ. ಲೆನಾ ಬ್ಲ್ಯಾಕ್‌ಬರ್ನ್ ಹೆಸರಿನ ಆ ಕೆಸರಿನ ಬಣ್ಣ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಹಾಲಿನಂತೆ ಬೆಳ್ಳಗಿರುವ ಚೆಂಡನ್ನು ಪಂದ್ಯದ್ದು ಅಂತ ತೋರಿಸಿದರೆ ನಾನು ಮುಂದೆ ಮಾತಾಡುವುದೇ ಇಲ್ಲ.

ಮುಂದೆ ಒಂದು ಇನ್‌ಫೀಲ್ಡ್ ಹಿಟ್ ಚೆಂಡು ಸಿಕ್ಕಿತು. ಚೆಂಡು ಒಳಮೈದಾನ ದಾಟದಿದ್ದರೂ ಓಡಿ ಬೇಸ್ ಮುಟ್ಟಿದರೆ ಅದು ಇನ್‌ಫೀಲ್ಡ್ ಹಿಟ್. ಅದಕ್ಕಾಗಿ ಬಹಳ ಕಾಲ ಕಾದಿದ್ದೆ. ಕ್ರಿಕೆಟ್ಟಿನ ಸಿಕ್ಸರ್ ಥರದ ಹೋಮ್ ರನ್ ಚೆಂಡು ಸಿಗಲಿಲ್ಲವಲ್ಲ ಅಂತ ಗೆಳೆಯರು ಕೇಳುತ್ತಾರೆ. ಇಚಿರೋ ಅಂದರೆ ಇನ್‌ಫೀಲ್ಡ್ ಹಿಟ್. ನನ್ನ ಪಾಲಿಗೆ ಅದಕ್ಕಿಂತ ಒಳ್ಳೆಯ ಚೆಂಡು ಇಲ್ಲ.

ಇನ್ನು ಸಹಿ. ಇದಕ್ಕೆ ಎರಡು ದಾರಿ. ಒಂದು, ಕೊಳ್ಳುವುದು. ಇಚಿರೋನ ಸಹಿಗೆ ಅವನದೇ ಹೆಸರಿನ ಹೊಲೊಗ್ರಾಂ ಇದೆ. ಜಪಾನೀ ಲಿಪಿಯಲ್ಲಿ ಸಹಿ ಇದ್ದರೆ ಬೆಲೆ ಇನ್ನೂ ಮೇಲೆ. ಹಳೆಯ ಸಹಿಗಳಿಗೆ ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಥರದ ಸಂಸ್ಥೆಗಳು ಪರೀಕ್ಷೆ ಮಾಡಿ ಪತ್ರ ಕೊಡುತ್ತವೆ. ಅವರು ಕೊಡುವುದು ಅಭಿಪ್ರಾಯ. ಸಹಿ ಹಾಕಿದ್ದನ್ನು ಕಣ್ಣಾರೆ ಕಂಡವರ ಮಾತು ಬೇರೆ, ಅಕ್ಷರ ನೋಡಿ ಹೇಳುವವರ ಮಾತು ಬೇರೆ. ಬೆಲೆ ಕೊಡುವಾಗ ನಾನು ಈ ವ್ಯತ್ಯಾಸ ಮರೆಯುವುದಿಲ್ಲ. ಅಂಗಡಿಯವರು ತಾವೇ ಮುದ್ರಿಸಿ ಕೊಡುವ ಬಣ್ಣಬಣ್ಣದ ಸರ್ಟಿಫಿಕೇಟಿಗಂತೂ ನನ್ನ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಎರಡನೆಯದು, ಎದುರು ನಿಂತು ಹಾಕಿಸಿಕೊಳ್ಳುವುದು. ಇದಕ್ಕೆ ಒಳ್ಳೆಯ ಜಾಗ ಅರಿಜೋನಾದ ಪಿಯೋರಿಯಾ. ಮ್ಯಾರಿನರ್ಸ್ ತಂಡ ಫೆಬ್ರುವರಿ, ಮಾರ್ಚ್‌ನಲ್ಲಿ ಅಲ್ಲೇ ತರಬೇತಿ ನಡೆಸುತ್ತದೆ. ಸಿಯಾಟಲ್ ಕ್ರೀಡಾಂಗಣದ ನೂಕುನುಗ್ಗಲು ಅಲ್ಲಿಲ್ಲ. ಇಚಿರೋ 2019ರಲ್ಲಿ ಟೋಕಿಯೋ ಡೋಮ್‌ನಲ್ಲಿ ಕೊನೆಯ ಪಂದ್ಯ ಆಡಿದ ಮೇಲೂ ಸಮವಸ್ತ್ರ ಹಾಕಿಕೊಂಡು ಹುಡುಗರ ಜೊತೆ ಅಭ್ಯಾಸಕ್ಕೆ ಇಳಿಯುತ್ತಾನೆ. ಬೆಳಿಗ್ಗೆ ಬೇಗ ಹೋಗಿ ಬೇಲಿಯ ಹತ್ತಿರ ನಿಲ್ಲಬೇಕು. ಒಂದೇ ವಸ್ತು ಹಿಡಿದಿರಬೇಕು. ಮಕ್ಕಳಿಗೆ ಮುಂದೆ ಜಾಗ ಬಿಡಬೇಕು. ಪೆನ್ನಿನ ಮುಚ್ಚಳ ತೆಗೆದು, ಚೆಂಡಿನ ಸ್ವೀಟ್ ಸ್ಪಾಟ್ ಮೇಲೆ ಮಾಡಿ ಕೊಡಬೇಕು. ಸ್ವೀಟ್ ಸ್ಪಾಟ್ ಅಂದರೆ ಎರಡು ಹೊಲಿಗೆ ಸಾಲು ತೀರಾ ಹತ್ತಿರ ಬರುವ ಕಡೆ ಇರುವ ಕಿರಿದಾದ ಪಟ್ಟಿ. ಒಬ್ಬನದೇ ಸಹಿಗೆ ಅದೇ ಸರಿಯಾದ ಜಾಗ. ಚೆಂಡಿಗೆ ನೀಲಿ ಬಾಲ್ ಪಾಯಿಂಟ್ ಪೆನ್ನೇ ಆಗಬೇಕು. ಮಾರ್ಕರ್ ಶಾಯಿ ಚರ್ಮದಲ್ಲಿ ಹರಡಿಕೊಂಡು ವರ್ಷಗಳಲ್ಲಿ ಮಸುಕಾಗುತ್ತದೆ. ಬ್ಯಾಟು, ಫೋಟೋಗಳಿಗೆ ಮಾರ್ಕರ್ ಸರಿ. ಕಪ್ಪು ಬ್ಯಾಟಾದರೆ ಬೆಳ್ಳಿ ಬಣ್ಣದ್ದು.

ನನ್ನ ಚೆಂಡಿಗೆ ಹಾಗೆ ಸಹಿ ಸಿಕ್ಕಿತು. ಹೆಂಡತಿ ಪಕ್ಕದಲ್ಲಿ ನಿಂತು ಫೋಟೋ ತೆಗೆದಳು. ಚೆಂಡಿನ ಜೊತೆ ಆ ಫೋಟೋ, ಅವತ್ತಿನ ಟಿಕೆಟ್ಟು, ಎರಡನ್ನೂ ಇಟ್ಟಿದ್ದೇನೆ. ಪಂದ್ಯದಲ್ಲಿ ಆಡಿದ ಚೆಂಡನ್ನು ಮಾತ್ರ ನಾನು ಸಹಿಗೆ ಒಡ್ಡುವುದಿಲ್ಲ. ಕೆಸರು ಉಜ್ಜಿದ ಚರ್ಮದ ಮೇಲೆ ಶಾಯಿ ಸರಿಯಾಗಿ ಕೂರುವುದಿಲ್ಲ, ಆಟದ ಗುರುತುಗಳ ಮೇಲೂ ಗೆರೆ ಬೀಳುತ್ತದೆ. ಬೇರೆ ಸಂಗ್ರಾಹಕರು ಒಪ್ಪದೇ ಇರಬಹುದು, ನನ್ನ ಅಭಿಪ್ರಾಯ ಗಟ್ಟಿ.

ಬ್ಯಾಟಿನ ವಿಷಯಕ್ಕೆ ಬಂದರೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಇಚಿರೋ ಆಡುತ್ತಿದ್ದದ್ದು ಮಿಜುನೋ ಬ್ಯಾಟಿನಲ್ಲಿ. ಅವುಗಳನ್ನು ತೇವಾಂಶ ಹತೋಟಿಯಲ್ಲಿಡುವ ವಿಶೇಷ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಮರ ತೇವ ಹೀರಿದರೆ ತೂಕ ಬದಲಾಗುತ್ತದೆ, ಅದು ಅವನ ಕೈಗೆ ಗೊತ್ತಾಗುತ್ತಿತ್ತು. ಗ್ಲೌಸನ್ನು ತಾನೇ ಒರೆಸಿ, ಎಣ್ಣೆ ಹಚ್ಚಿ ಇಡುತ್ತಿದ್ದ. ಆಯುಧ ಪೂಜೆಯ ದಿನ ನಮ್ಮೂರಿನ ಬಡಗಿ ತನ್ನ ಉಳಿ, ಕೊಡಲಿಗಳನ್ನು ನೋಡುವ ಹಾಗೆ ಇವನು ವರ್ಷವಿಡೀ ನೋಡುತ್ತಿದ್ದ. ಇಷ್ಟು ಜೋಪಾನ ಮಾಡುವವನ ಬ್ಯಾಟು ಸುಲಭಕ್ಕೆ ಹೊರಗೆ ಬರುವುದಿಲ್ಲ. ಮಹತ್ವದವುಗಳನ್ನು ಅವನೇ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ಮ್ಯೂಸಿಯಂಗೆ ಕೊಟ್ಟಿದ್ದಾನೆ. ಆಡುತ್ತಿದ್ದ ಕಾಲದಲ್ಲೇ ಆ ಮ್ಯೂಸಿಯಂಗೆ ಏಳು ಸಲ ಹೋಗಿದ್ದ.

ನನ್ನ ಬ್ಯಾಟು ಬಂದದ್ದು ಒಬ್ಬ ಹಿರಿಯ ಸಂಗ್ರಾಹಕರಿಂದ, ಹಳೆಯ ಕಾಗದಪತ್ರಗಳ ಸಮೇತ. ಹಣ ಕೊಡುವ ಮೊದಲು ಭೂತಗನ್ನಡಿ ಹಿಡಿದು ಅದನ್ನು ಇಂಚಿಂಚು ನೋಡಿದೆ. ಆಟಗಾರನಿಗೆಂದು ತಯಾರಾಗಿ ಪಂದ್ಯ ಕಾಣದ ಬ್ಯಾಟುಗಳು ಬಹಳ ಇರುತ್ತವೆ. ಅವುಗಳಿಗೂ ಆಡಿದ ಬ್ಯಾಟಿಗೂ ಬೆಲೆಯಲ್ಲಿ ಆಕಾಶ ಭೂಮಿ ಅಂತರ. ಆಡಿದ ಬ್ಯಾಟಿನ ಮೇಲೆ ಚೆಂಡಿನ ಹೊಲಿಗೆ ಒತ್ತಿದ ಸಣ್ಣ ಗೀರುಗಳಿರುತ್ತವೆ. ಚೆಂಡಿನ ಮೇಲಿನ ಮುದ್ರೆಯ ಶಾಯಿ ಅಲ್ಲಲ್ಲಿ ಹತ್ತಿರುತ್ತದೆ. ಡಗೌಟಿನಲ್ಲಿ ಬ್ಯಾಟಿಡುವ ಸ್ಟ್ಯಾಂಡಿಗೆ ಉಜ್ಜಿ ಉಜ್ಜಿ ಬಣ್ಣದ ಗೆರೆಗಳು ಮೂಡಿರುತ್ತವೆ. ಲೇಬಲ್ ಮೇಲೆ ಬರುವಂತೆ ಹಿಡಿದು ಆಡುವ ಎಡಗೈ ಬ್ಯಾಟರ್ ಆದರೆ, ಹಿಡಿಯನ್ನು ನಮ್ಮ ಕಡೆ ಮಾಡಿ ನೋಡಿದಾಗ ಚೆಂಡಿನ ಗುರುತು ಲೇಬಲ್ಲಿನ ಬಲಕ್ಕೆ ಗುಂಪಾಗಿರಬೇಕು. ಬ್ಯಾಟಿನ ಸುತ್ತಲೂ ಸಮವಾಗಿ ಗುರುತಿದ್ದರೆ ಅನುಮಾನ ಪಡಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಫೋಟೋ ಹೋಲಿಕೆ. ಮರದ ಎಳೆಗಳು ಬೆರಳಚ್ಚಿನ ಥರ, ಎರಡು ಬ್ಯಾಟಿಗೆ ಒಂದೇ ಇರುವುದಿಲ್ಲ. ಪಂದ್ಯದ ಫೋಟೋದಲ್ಲಿ ಅದೇ ಎಳೆ, ಅದೇ ಕಲೆ ಕಂಡರೆ ವಾದವೇ ಮುಗಿಯಿತು. ಜೆರ್ಸಿಗೂ ಹೀಗೇ. ಅಂಕಿಯ ಅಂಚು ಗುಂಡಿಯಿಂದ ಎಷ್ಟು ದೂರ ಇದೆ, ಹೊಲಿಗೆ ಎಲ್ಲಿ ಸೊಟ್ಟಗಾಗಿದೆ ಅಂತ ಹೋಲಿಸುತ್ತಾರೆ. ಜೆರ್ಸಿ ನನ್ನ ಜೇಬಿಗೆ ಮೀರಿದ್ದು, ಕೊಂಡಿಲ್ಲ.

ಇಡುವ ಬಗೆ ಸರಳ. ನೇರ ಬಿಸಿಲು ಬೀಳದ ಗೋಡೆ. ಅತಿನೇರಳೆ ಕಿರಣ ತಡೆಯುವ ಅಕ್ರಿಲಿಕ್ ಡಬ್ಬಿ. ತೇವಾಂಶ ಅರ್ಧದಷ್ಟು, ಶೇ 50ರ ಆಸುಪಾಸು. ಸಿಯಾಟಲ್ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸುತ್ತಾ ಇರಬೇಕು. ಕೊಳೆ, ಕೆಸರು, ಹಿಡಿತಕ್ಕೆಂದು ಬ್ಯಾಟಿಗೆ ಹಚ್ಚಿದ ಟಾರ್ ಯಾವುದನ್ನೂ ಒರೆಸಬಾರದು, ಅದೇ ಸಾಕ್ಷಿ. ದಸರೆಗೆ ಅಮ್ಮ ಇಲ್ಲಿದ್ದಾಗ ಬ್ಯಾಟಿಗೂ ಅರಿಶಿನ ಕುಂಕುಮ ಇಡಬೇಕು ಅಂದರು. ಡಬ್ಬಿಯ ಹೊರಗೆ ಇಡಿಸಿದೆ. ಅಮ್ಮನಿಗೂ ಸಮಾಧಾನ, ಬ್ಯಾಟೂ ಹಾಗೇ ಉಳಿಯಿತು.

2025ರಲ್ಲಿ ಇಚಿರೋ ಹಾಲ್ ಆಫ್ ಫೇಮ್ ಸೇರಿದ. 394 ಮತದಲ್ಲಿ 393 ಬಂತು. ಆ ಗೌರವ ಪಡೆದ ಮೊದಲ ಏಷ್ಯನ್ ಆಟಗಾರ ಅವನು. ಅದೇ ಆಗಸ್ಟ್‌ನಲ್ಲಿ ಮ್ಯಾರಿನರ್ಸ್ ಅವನ 51ನೇ ನಂಬರಿಗೆ ನಿವೃತ್ತಿ ಕೊಟ್ಟಿತು, ಅಂದರೆ ಗೌರವಕ್ಕಾಗಿ ಅದನ್ನು ಇನ್ನು ಬೇರೆ ಆಟಗಾರರಿಗೆ ಕೊಡುವುದಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ಕೊಳ್ಳಲು ಮುಗಿಬೀಳುತ್ತಾರೆ. ನಾನು ಆಗ ಸುಮ್ಮನಿರುತ್ತೇನೆ. ನನ್ನ ಖರೀದಿಯೆಲ್ಲ ಚಳಿಗಾಲದಲ್ಲಿ, ಆಟ ಇಲ್ಲದ ತಿಂಗಳುಗಳಲ್ಲಿ.

ಈಗ ಹುಡುಕುತ್ತಿರುವುದು 2004ರ ಅಕ್ಟೋಬರ್ 1ರ ಟಿಕೆಟ್ಟು. ಟೆಕ್ಸಸ್ ರೇಂಜರ್ಸ್ ವಿರುದ್ಧ ಸೇಫ್‌ಕೋ ಫೀಲ್ಡ್‌ನಲ್ಲಿ ಸಿಸ್ಲರ್ ದಾಖಲೆ ಮುರಿದ 258ನೇ ಹಿಟ್ ಬಂದ ರಾತ್ರಿಯದು. ಗೇಟಿನಲ್ಲಿ ನಿಜಕ್ಕೂ ಬಳಕೆಯಾದ ಟಿಕೆಟ್ಟೇ ಬೇಕು, ಮಾರಾಟವಾಗದೆ ಉಳಿದದ್ದು ಬೇಡ. ಸಿಯಾಟಲ್ ಕಡೆಯ ಯಾರದಾದರೂ ಹಳೆಯ ಡ್ರಾಯರಿನಲ್ಲಿ ಇದ್ದೇ ಇರುತ್ತದೆ, ಅಲ್ವಾ?