ಮೀನುತೊಟ್ಟಿಗೆ ಆರ್‌ಒ–ಡಿಐ ನೀರು: ಮನೆಯಲ್ಲೇ ಘಟಕ ಜೋಡಿಸುವುದು ಹೇಗೆ?

ರೋಗಾಣುಗಳನ್ನು ಕೊಲ್ಲಲೆಂದು ನಲ್ಲಿನೀರಿಗೆ ಬೆರೆಸುವ ಕ್ಲೋರಿನ್ ನಮ್ಮ ಆರೋಗ್ಯವನ್ನು ಕಾಯುತ್ತದೆ. ಅದೇ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿ, ಮೀನು ಹೊರಹಾಕುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಅದು ಮಾರಕ. ಬರಿಯ ಕ್ಲೋರಿನ್ ಆಗಿದ್ದರೆ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಗಾಳಿಯಾಡಿಸಿದರೆ ಹೊರಟುಹೋಗುತ್ತದೆ, ಆದರೆ ಕ್ಲೋರಿನ್ ಅಮೋನಿಯಾದೊಂದಿಗೆ ಕೂಡಿದ ರೂಪವಾದ ಕ್ಲೋರಮೈನ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಂತರ್ಜಲದಲ್ಲಿ ಕ್ಲೋರಿನ್ ಇರದಿದ್ದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೆಲವೊಮ್ಮೆ ನೈಟ್ರೇಟ್ ಮತ್ತು ಸಿಲಿಕಾ ಕರಗಿರುತ್ತವೆ. ಇವೆಲ್ಲವನ್ನೂ ತೆಗೆದು, ಏನೂ ಇಲ್ಲದ ನೀರನ್ನು ಕೈಗೆ ಕೊಡುವುದೇ ಆರ್‌ಒ–ಡಿಐ (ರಿವರ್ಸ್ ಆಸ್ಮೋಸಿಸ್–ಡಿಅಯೊನೈಸೇಶನ್) ಘಟಕದ ಕೆಲಸ.

ಮೊದಲು ಅಳತೆ

ಘಟಕ ಕೊಳ್ಳುವ ಮುನ್ನ ಮನೆಗೆ ಬರುವ ನೀರನ್ನು ಅಳೆದು ನೋಡುವುದು ಅಗತ್ಯ, ಏಕೆಂದರೆ ಎಲ್ಲ ತೊಟ್ಟಿಗಳಿಗೂ ಇದು ಬೇಕಾಗುವುದಿಲ್ಲ. ಗಪ್ಪಿ, ಮೋಲಿ ಮತ್ತು ಆಫ್ರಿಕಾದ ಸರೋವರಗಳ ಸಿಕ್ಲಿಡ್ ಮೀನುಗಳು ಗಡಸು ನೀರಿನಲ್ಲಿಯೇ ಸುಖವಾಗಿರುತ್ತವೆ. ಅವುಗಳಿಗೆ ಕ್ಲೋರಿನ್ ತೆಗೆಯುವ ದ್ರಾವಣ ಬಳಸಿದರೆ ಸಾಕು. ಮೆದುನೀರಿನ ಡಿಸ್ಕಸ್ ಮೀನಿನ ಮರಿ ಮಾಡಿಸುವವರಿಗೆ, ಸೂಕ್ಷ್ಮವಾದ ಸಿಗಡಿಗಳನ್ನು ಸಾಕುವವರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಹವಳಗಳಿರುವ ಕಡಲನೀರಿನ ತೊಟ್ಟಿ ಇಟ್ಟವರಿಗೆ ಶುದ್ಧೀಕರಿಸಿದ ನೀರಿಲ್ಲದೆ ನಡೆಯುವುದು ಕಷ್ಟ.

ಅಳೆಯಲು ಒಂದು ಟಿಡಿಎಸ್ ಮೀಟರ್, ಜೊತೆಗೆ ಜಿಎಚ್ ಮತ್ತು ಕೆಎಚ್ ಪರೀಕ್ಷೆಯ ಕಿಟ್‌ಗಳು ಬೇಕು. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂಬುದನ್ನಷ್ಟೇ ಟಿಡಿಎಸ್ ಮೀಟರ್ ಅಂದಾಜಿಸುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಕ್ಲೋರಿನ್ ಇದೆಯೇ ಇಲ್ಲವೇ ಎಂಬುದಂತೂ ಅದರಿಂದ ತಿಳಿಯುವುದೇ ಇಲ್ಲ. ಗಡಸುತನವನ್ನು ಜಿಎಚ್ ತೋರಿಸಿದರೆ, ಪಿಎಚ್ ಕುಸಿಯದಂತೆ ನೀರು ಎಷ್ಟರಮಟ್ಟಿಗೆ ತಡೆದುಕೊಳ್ಳಬಲ್ಲದು ಎಂಬುದನ್ನು ಕೆಎಚ್ ತೋರಿಸುತ್ತದೆ. ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಂಡರೆ ಮುಂದಿನ ಕೆಲಸವೆಲ್ಲ ಲೆಕ್ಕಕ್ಕೆ ಸಿಗುತ್ತದೆ.

ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನೇ ಹಾಕಬಾರದೇ ಎಂದು ಹಲವರು ಕೇಳುತ್ತಾರೆ. ಅಂಥ ಯಂತ್ರಗಳಲ್ಲಿ ಅನೇಕವು ರುಚಿಗಾಗಿ ಶೋಧಿಸಿದ ನೀರಿಗೆ ಸ್ವಲ್ಪ ಮೂಲ ನೀರನ್ನು ಮತ್ತೆ ಬೆರೆಸುತ್ತವೆ, ಇಲ್ಲವೇ ಖನಿಜದ ಕಾರ್ಟ್ರಿಜ್ ಮೂಲಕ ಹಾಯಿಸುತ್ತವೆ. ಕುಡಿಯುವವರಿಗೆ ಅದು ಸರಿ, ಆದರೆ ತೊಟ್ಟಿಗೆ ಏನು ಎಷ್ಟು ಸೇರುತ್ತಿದೆ ಎಂಬ ಹಿಡಿತ ನಮ್ಮ ಕೈ ತಪ್ಪುತ್ತದೆ.

ನೀರು ಹಾದುಹೋಗುವ ದಾರಿ

ಘಟಕದಲ್ಲಿ ಸಾಮಾನ್ಯವಾಗಿ ನಾಲ್ಕು ಹಂತಗಳಿರುತ್ತವೆ. ಮೊದಲಿನ ಸೆಡಿಮೆಂಟ್ ಫಿಲ್ಟರ್ ಮಣ್ಣು, ತುಕ್ಕುಗಳನ್ನು ಹಿಡಿಯುತ್ತದೆ. 5 ಮೈಕ್ರಾನ್ ಅಥವಾ 1 ಮೈಕ್ರಾನ್ ರಂಧ್ರದ್ದಾದರೆ ಒಳ್ಳೆಯದು. ಎರಡನೆಯ ಕಾರ್ಬನ್ ಬ್ಲಾಕ್ ಕ್ಲೋರಿನ್ನನ್ನು ಕಳೆಯುತ್ತದೆ. ಮೂರನೆಯದು ಆರ್‌ಒ ಮೆಂಬ್ರೇನ್, ನೀರನ್ನು ಬಿಟ್ಟು ಲವಣವನ್ನು ತಡೆಯುವ ಪೊರೆ; ತಡೆದ ಲವಣ ಒಂದಷ್ಟು ನೀರಿನೊಂದಿಗೆ ತ್ಯಾಜ್ಯವಾಗಿ ಹೊರಹೋಗುತ್ತದೆ. ಅದನ್ನು ದಾಟಿಯೂ ಉಳಿದುಕೊಂಡ ಲವಣಗಳನ್ನು ನಾಲ್ಕನೆಯ ಹಂತದ ಡಿಐ ರೆಸಿನ್ ಎಂಬ ಸಣ್ಣ ಹರಳುಗಳು ಹೀರುತ್ತವೆ.

ಈ ಅನುಕ್ರಮವನ್ನು ಎಂದಿಗೂ ಬದಲಿಸಬಾರದು. ಬಳಕೆಗೆ ಯೋಗ್ಯವಾದ ಮೊದಲ ಆರ್‌ಒ ಮೆಂಬ್ರೇನನ್ನು ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಸೆಲ್ಯುಲೋಸ್ ಅಸಿಟೇಟ್‌ನಿಂದ ತಯಾರಿಸಿದರು. ಆ ವಸ್ತು ಅಲ್ಪಸ್ವಲ್ಪ ಕ್ಲೋರಿನ್ನನ್ನು ತಾಳಿಕೊಳ್ಳುತ್ತಿತ್ತು. ಇಂದು ಮನೆಬಳಕೆಯ ಘಟಕಗಳಲ್ಲಿರುವ ಪಾಲಿಅಮೈಡ್ ಪೊರೆ ಅದಕ್ಕಿಂತ ಚೆನ್ನಾಗಿ ಲವಣ ತಡೆಯುತ್ತದೆಯಾದರೂ ಕ್ಲೋರಿನ್ ತಗಲಿದರೆ ಹಾಳಾಗುತ್ತದೆ. ಆದ್ದರಿಂದ ಕಾರ್ಬನ್ ಸವೆದುಹೋದರೆ ಅದರ ಹಿಂದಿರುವ ದುಬಾರಿ ಮೆಂಬ್ರೇನ್ ಬಲಿಯಾಗುತ್ತದೆ.

ಜಾಗ ಆರಿಸುವಾಗ ನಲ್ಲಿಯೂ ನೀರು ಹೊರಹೋಗುವ ಕಿಂಡಿಯೂ ಹತ್ತಿರವಿರುವಂತೆ, ಬಿಸಿಲು ಬೀಳದಂತೆ ನೋಡಿಕೊಳ್ಳಬೇಕು. ಒಳಬರುವ ನೀರಿನ ಒತ್ತಡ 50ರಿಂದ 60 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಇದ್ದರೆ ಘಟಕ ಚೆನ್ನಾಗಿ ನಡೆಯುತ್ತದೆ. 40ಕ್ಕಿಂತ ಕಡಿಮೆಯಿದ್ದರೆ ಬೂಸ್ಟರ್ ಪಂಪ್ ಬೇಕು. ಮೇಲ್ಛಾವಣಿಯ ತೊಟ್ಟಿಯಿಂದ ಇಳಿಯುವ ನೀರಿಗೆ ಅಷ್ಟು ಒತ್ತಡ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಬಿಸಿನೀರಿನ ನಲ್ಲಿಗೆ ಘಟಕವನ್ನು ಜೋಡಿಸಲೇಬಾರದು.

ಜೋಡಣೆ

ಘಟಕವನ್ನು ಗೋಡೆಗೆ ಗಟ್ಟಿಯಾಗಿ ನಿಲ್ಲಿಸಬೇಕು. ನೀರು ತುಂಬಿದ ಹೌಸಿಂಗ್‌ಗಳ (ಫಿಲ್ಟರುಗಳು ಕೂರುವ ಕವಚಗಳ) ಭಾರ ಖಾಲಿಯಿದ್ದಾಗಿನದಕ್ಕಿಂತ ಬಹಳ ಹೆಚ್ಚು. ಅಲ್ಲದೆ ಮುಂದೆ ಕಾರ್ಟ್ರಿಜ್ ಬದಲಿಸಲು ಹೌಸಿಂಗ್‌ಗಳ ಕೆಳಗೆ ಒಂದು ಗೇಣಿನಷ್ಟಾದರೂ ಜಾಗ ಬಿಟ್ಟಿರಬೇಕು. ಬಳಿಕ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗೆ ಅಡಾಪ್ಟರ್ ಕೂರಿಸಿ, ಲೋಹದ ತಿರುಪಿನ ಎಳೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಬೇಕು. ಶುದ್ಧ ನೀರು ಹೊರಬರುವ ಕಡೆಯಲ್ಲಿ ಮಾತ್ರ ಯಾವುದೇ ಲೋಹದ ಬಿಡಿಭಾಗ ಬೇಡ, ಲವಣವಿಲ್ಲದ ನೀರು ತಾಮ್ರವನ್ನು ಕರಗಿಸಿಕೊಂಡು ಬಂದು ಸಿಗಡಿಗಳಿಗೆ ವಿಷವಾಗುತ್ತದೆ.

ಕಾಲು ಅಂಗುಲದ ಪ್ಲಾಸ್ಟಿಕ್ ಪೈಪನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ತುದಿ ಫಿಟ್ಟಿಂಗ್‌ನ ಒಳಗಿರುವ ಓ-ರಿಂಗನ್ನು (ಸೋರಿಕೆ ತಡೆಯುವ ರಬ್ಬರ್ ಉಂಗುರವನ್ನು) ಪೂರ್ತಿಯಾಗಿ ಒತ್ತಿ ಕೂರುವುದಿಲ್ಲ, ಹನಿಹನಿಯಾಗಿ ಸೋರತೊಡಗುತ್ತದೆ. ಪೈಪನ್ನು ಒತ್ತಿದಾಗ ಮೊದಲು ಒಂದು ತಡೆ ಸಿಗುತ್ತದೆ. ಅಲ್ಲಿಗೇ ಬಿಡದೆ ಇನ್ನಷ್ಟು ಒತ್ತಿದಾಗ ಪೈಪು ಓ-ರಿಂಗನ್ನು ದಾಟಿ ಕೊನೆ ಮುಟ್ಟುವುದು ಕೈಗೇ ತಿಳಿಯುತ್ತದೆ. ಆಮೇಲೆ ಹಿಂದಕ್ಕೆ ಎಳೆದು ನೋಡಬೇಕು.

ಮೆಂಬ್ರೇನ್ ಹಾಕುವ ಮುಂಚೆಯೇ ಕಾರ್ಬನ್ನನ್ನು ತೊಳೆಯಬೇಕು ಎಂಬುದು ಅವಸರದಲ್ಲಿ ತಪ್ಪಿಹೋಗುವ ಹಂತ. ಹೊಸ ಕಾರ್ಬನ್ನಿನಿಂದ ಸಣ್ಣ ಕಪ್ಪು ಪುಡಿ ಬರುತ್ತದೆ. ಅದು ಮೆಂಬ್ರೇನಿನ ಮೇಲೆ ಕೂತರೆ ತೆಗೆಯಲಾಗದು. ಕಾರ್ಬನ್ ದಾಟಿದ ಪೈಪನ್ನು ಬಕೆಟ್ಟಿಗೆ ಇಳಿಬಿಟ್ಟು, ನೀರು ತಿಳಿಯಾಗುವವರೆಗೆ ಹರಿಸಿ ಚೆಲ್ಲಬೇಕು.

ಈಗ ಕೈ ತೊಳೆದುಕೊಂಡು ಮೆಂಬ್ರೇನನ್ನು ಪೊಟ್ಟಣದಿಂದ ಬಿಡಿಸಬೇಕು. ಅದರ ಒಂದು ತುದಿಯ ಸಣ್ಣ ಕೊಳವೆಗೆ ಎರಡು ಚಿಕ್ಕ ಓ-ರಿಂಗ್‌ಗಳಿರುತ್ತವೆ. ಆ ತುದಿಯೇ ಹೌಸಿಂಗ್‌ನ ತಳದ ಕಡೆಗೆ ಮೊದಲು ಹೋಗಬೇಕು. ಇನ್ನೊಂದು ತುದಿಯ ಸುತ್ತ ಇರುವ ದಪ್ಪ ರಬ್ಬರ್ ಪಟ್ಟಿ ಮುಚ್ಚಳದ ಕಡೆಗಿರುತ್ತದೆ. ಚಿಕ್ಕ ಓ-ರಿಂಗ್‌ಗಳನ್ನು ನೀರಿನಲ್ಲಿ ಒದ್ದೆ ಮಾಡಿ, ತುಸು ತಿರುಗಿಸುತ್ತ ಒತ್ತಿದರೆ ಅದು ತಳದ ಗುಳಿಯಲ್ಲಿ ಕೂರುತ್ತದೆ. ಸರಿಯಾಗಿ ಕೂರದಿದ್ದರೆ ಶೋಧಿಸದ ನೀರು ಶುದ್ಧ ನೀರಿಗೆ ಸೇರಿಬಿಡುತ್ತದೆ. ಹೌಸಿಂಗ್‌ನ ಆ ಕೊನೆಯಲ್ಲಿರುವ ಎರಡು ತೂತುಗಳಲ್ಲಿ ನಡುವಿನದು ಶುದ್ಧ ನೀರಿನದು, ಪಕ್ಕದ್ದು ತ್ಯಾಜ್ಯ ನೀರಿನದು.

ತ್ಯಾಜ್ಯದ ಪೈಪಿಗೆ ಹರಿವನ್ನು ಮಿತಿಯಲ್ಲಿಡುವ ಫ್ಲೋ ರಿಸ್ಟ್ರಿಕ್ಟರ್ ಹಾಕಬೇಕು, ಅದು ಮೆಂಬ್ರೇನಿನ ಸಾಮರ್ಥ್ಯಕ್ಕೆ ಹೊಂದುವಂಥದ್ದಾಗಿರಬೇಕು. ನೀರು ಪೋಲಾಗುತ್ತದೆಂದು ಈ ಪೈಪನ್ನು ಹಿಸುಕುವುದಾಗಲಿ ಮುಚ್ಚುವುದಾಗಲಿ ಮಾಡಿದರೆ ಲವಣವೆಲ್ಲ ಮೆಂಬ್ರೇನಿನ ಮೇಲೆಯೇ ಕಟ್ಟಿಕೊಳ್ಳುತ್ತದೆ. ಸರಿಯಿದೆಯೇ ಎಂದು ತಿಳಿಯಲು ಅಳತೆಯ ಪಾತ್ರೆಯೊಂದು ಸಾಕು. 75 ಗ್ಯಾಲನ್ ಎಂದು ಗುರುತಿಸಿದ ಮೆಂಬ್ರೇನ್ ದಿನಕ್ಕೆ ಸುಮಾರು 284 ಲೀಟರ್, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 200 ಮಿಲಿಲೀಟರ್ ಕೊಡಬೇಕು. ಅದೇ ನಿಮಿಷದಲ್ಲಿ ತ್ಯಾಜ್ಯದ ಪೈಪಿನಿಂದ 600ರಿಂದ 800 ಮಿಲಿಲೀಟರ್ ಬರಬೇಕು. ನೀರು ತಣ್ಣಗಿದ್ದಾಗ ಅಥವಾ ಒತ್ತಡ ತಗ್ಗಿದಾಗ ಇಳುವರಿ ಕಡಿಮೆಯಾಗುವುದು ಸಹಜ. ಹೀಗೆ ಹೊರಬೀಳುವ ತ್ಯಾಜ್ಯ ನೀರು ಕೊಳಕಲ್ಲ, ಲವಣ ಹೆಚ್ಚಿದ ನಲ್ಲಿನೀರು ಅಷ್ಟೆ. ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಅದನ್ನು ಹಿಡಿದಿಡಲೇಬೇಕು.

ಹೊಸ ಮೆಂಬ್ರೇನಿನಲ್ಲಿ ಅದು ಕೆಡದಂತೆ ಹಾಕಿದ ರಾಸಾಯನಿಕ ಇರುತ್ತದೆ. ಡಿಐ ಹಂತವನ್ನು ಜೋಡಿಸದೆಯೇ ಮೊದಲ ಒಂದೆರಡು ಗಂಟೆಯ ನೀರನ್ನು ಚೆಲ್ಲಿ, ಆಮೇಲೆ ಡಿಐಯನ್ನು ಸೇರಿಸಬೇಕು. ಸಂಗ್ರಹದ ಡ್ರಮ್ಮಿಗೆ ನೀರು ತುಂಬಿದಾಗ ಮುಚ್ಚುವ ಫ್ಲೋಟ್ ವಾಲ್ವ್, ಘಟಕಕ್ಕೆ ಆಗ ಒಳಬರುವ ನೀರನ್ನು ನಿಲ್ಲಿಸುವ ಆಟೊ ಶಟ್‌ಆಫ್ ವಾಲ್ವ್ ಮತ್ತು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಮೂರನ್ನೂ ಹಾಕಿಸಿಕೊಳ್ಳಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ರಾತ್ರಿಯಿಡೀ ತೆರೆದುಳಿದ ವಾಲ್ವ್ ಒಂದು ಕೋಣೆಯನ್ನೇ ಮುಳುಗಿಸಬಲ್ಲದು.

ಸೊನ್ನೆಯ ನಂತರದ ಕೆಲಸ

ಮೀಟರನ್ನು ಮೂರು ಕಡೆ ಅದ್ದಿ ನೋಡಬೇಕು. ಒಳಬರುವ ನೀರು 400 ಪಿಪಿಎಂ (ಹತ್ತು ಲಕ್ಷಕ್ಕೆ 400 ಪಾಲು) ಇದ್ದರೆ, ಶೇ 96ರಿಂದ 98ರಷ್ಟು ಲವಣ ತಡೆಯುವ ಮೆಂಬ್ರೇನಿನ ಬಳಿಕ 8ರಿಂದ 16, ಡಿಐ ದಾಟಿದ ಮೇಲೆ 0 ಬರಬೇಕು. ಘಟಕ ನಿಂತಿದ್ದು ಮತ್ತೆ ಶುರುವಾದಾಗ ಮೊದಲ ಕೆಲವು ನಿಮಿಷ ಟಿಡಿಎಸ್ ಏರಿರುತ್ತದೆ. ಆ ನೀರನ್ನು ಡಿಐಗೆ ಬಿಡದೆ ಚೆಲ್ಲಿದರೆ ರೆಸಿನ್ ಹೆಚ್ಚು ದಿನ ಬಾಳುತ್ತದೆ.

ಮೀಟರ್ 0 ತೋರಿಸಿದ ದಿನ ನಾನು ಅದೇ ನೀರನ್ನು ಗಪ್ಪಿಗಳ ತೊಟ್ಟಿಗೆ ಅರ್ಧದಷ್ಟು ತುಂಬಿಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅವು ಬಾಲ ಮುದುಡಿಕೊಂಡು ತಳದ ಮರಳಿನ ಮೇಲೆ ಕೂತಿದ್ದವು, ಎರಡು ಸತ್ತಿದ್ದವು. ಸಿಹಿನೀರಿನ ಮೀನಿನ ದೇಹದೊಳಗೆ ನೀರು ಸದಾ ನುಗ್ಗುತ್ತಿರುತ್ತದೆ, ಲವಣ ಸದಾ ಸೋರುತ್ತಿರುತ್ತದೆ. ಸುತ್ತಲಿನ ನೀರಿನಲ್ಲಿ ಲವಣ ಏಕಾಏಕಿ ಇಳಿದರೆ ಆ ಕಳೆದುಕೊಂಡದ್ದನ್ನು ಅದು ತುಂಬಿಕೊಳ್ಳಲಾರದು. ಕೆಎಚ್ ಕುಗ್ಗಿದ ನೀರಿನಲ್ಲಿ ಪಿಎಚ್ ಕೂಡ ನಿಲ್ಲುವುದಿಲ್ಲ. ಅಂದಿನಿಂದ ಅಳೆಯದ ನೀರನ್ನು ತೊಟ್ಟಿಗೆ ಸುರಿದಿಲ್ಲ.

ಖನಿಜ ಮರಳಿಸಲು ಎರಡು ದಾರಿಗಳಿವೆ. ಸುಲಭದ್ದು ಬೆರೆಸುವುದು: ನಲ್ಲಿನೀರಿನ ಜಿಎಚ್ 16 ಡಿಗ್ರಿ ಇದ್ದರೆ, ಕ್ಲೋರಿನ್ ತೆಗೆದ ಆ ನೀರು ಒಂದು ಪಾಲಿಗೆ ಶುದ್ಧ ನೀರು ಮೂರು ಪಾಲು ಸೇರಿಸಿದಾಗ 4 ಡಿಗ್ರಿ ಆಗುತ್ತದೆ. ಇನ್ನೊಂದು, ಅಕ್ವೇರಿಯಂಗೆಂದೇ ಸಿಗುವ ಖನಿಜ ಪುಡಿಯನ್ನು ಅಳೆದು ಕರಗಿಸುವುದು. ಕೆಎಚ್ ಮಾತ್ರ ಏರಿಸಬೇಕಾದಾಗ 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಸುಮಾರು 1 ಡಿಗ್ರಿ ಏರುತ್ತದೆ. ಬಗೆಬಗೆಯ ಸಿಹಿನೀರಿನ ಮೀನುಗಳು ಕೂಡಿರುವ ತೊಟ್ಟಿಗೆ ಜಿಎಚ್ 4ರಿಂದ 8, ಕೆಎಚ್ 3ರಿಂದ 5 ಸಾಮಾನ್ಯವಾಗಿ ಹೊಂದುತ್ತದೆ. ಕಡಲನೀರಿಗೆ ಸಾಗರದ ಉಪ್ಪಿನ ಮಿಶ್ರಣವನ್ನು ಲವಣಾಂಶ ಸಾವಿರಕ್ಕೆ 35 ಪಾಲು ಆಗುವಂತೆ ಬೆರೆಸಿ, ಪಂಪ್ ಇಟ್ಟು ಕದಡಿಸಿ, ಪೂರ್ತಿ ಕರಗಿದ ಮೇಲೆ ಬಳಸಬೇಕು. ಅದರಿಂದ ಆವಿಯಾದಷ್ಟನ್ನು ತುಂಬಲು ಮಾತ್ರ ಉಪ್ಪಿಲ್ಲದ ಶುದ್ಧ ನೀರು. ಹಳೆಯ ತೊಟ್ಟಿಯನ್ನು ಹೊಸ ನೀರಿಗೆ ಬದಲಿಸುವುದು ಹಲವು ವಾರಗಳ ಕೆಲಸ. ಪ್ರತಿಸಲ ಸ್ವಲ್ಪವೇ, ತೊಟ್ಟಿಯ ಉಷ್ಣತೆಗೆ ಹೊಂದಿಸಿಕೊಂಡು.

ಸೆಡಿಮೆಂಟ್ ಮತ್ತು ಕಾರ್ಬನ್ ಕಾರ್ಟ್ರಿಜ್‌ಗಳನ್ನು ಆರು ತಿಂಗಳಿಗೊಮ್ಮೆ, ಕೆಸರು ನೀರಾದರೆ ಅದಕ್ಕೂ ಮೊದಲೇ ಬದಲಿಸಬೇಕು. ಕಾರ್ಬನ್ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ತ್ಯಾಜ್ಯ ನೀರಿನಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿ ನೋಡಬಹುದು. ಬಣ್ಣ ಬದಲಿಸುವ ರೆಸಿನ್ನಿನಲ್ಲಿ ನೀರು ಒಳಬರುವ ತುದಿಯಿಂದ ಬಣ್ಣದ ಗೆರೆಯೊಂದು ವಾರ ವಾರಕ್ಕೂ ಮುಂದೆ ಸರಿಯುವುದು ಕಾಣುತ್ತದೆ. ಅದು ಇನ್ನೊಂದು ತುದಿ ಮುಟ್ಟುವ ಮೊದಲೇ ಬದಲಿಸಬೇಕು. ಅಂತರ್ಜಲದಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಮೆಂಬ್ರೇನನ್ನು ಸಲೀಸಾಗಿ ದಾಟಿ ರೆಸಿನ್ನನ್ನು ಬೇಗ ಮುಗಿಸುತ್ತದೆ, ಅಂಥ ನೀರನ್ನು ಮೆಂಬ್ರೇನ್ ದಾಟಿದ ಬಳಿಕ ಗಾಳಿಯಾಡಿಸಿ ಡಿಐಗೆ ಕಳಿಸಿದರೆ ಖರ್ಚು ತಗ್ಗುತ್ತದೆ. ಮೆಂಬ್ರೇನ್ ಒಮ್ಮೆ ಒದ್ದೆಯಾದ ಮೇಲೆ ಒಣಗಬಾರದು. ತೊಟ್ಟಿಗೆ ನೀರು ಬೇಡವಾದ ವಾರದಲ್ಲೂ ಘಟಕವನ್ನು ಸ್ವಲ್ಪ ಹೊತ್ತು ನಡೆಸಬೇಕು, ಬಹುಕಾಲ ಊರಿನಲ್ಲಿಲ್ಲದಿದ್ದರೆ ಮೆಂಬ್ರೇನನ್ನು ಹೊರತೆಗೆದು ಒದ್ದೆಯಾಗಿಯೇ ಚೀಲದಲ್ಲಿ ಬಿಗಿದು ಫ್ರಿಜ್‌ನಲ್ಲಿ, ಹೆಪ್ಪುಗಟ್ಟದ ಜಾಗದಲ್ಲಿ ಇಡಬೇಕು.