ಭಜನೆಗೆ ಗಿಟಾರ್ ಕೂರಿಸಿದ್ದು
ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಶ್ರಾವಣ ಶನಿವಾರ ಬಂದರೆ ದೇವಸ್ಥಾನದಲ್ಲಿ ಭಜನೆ. ಹಾರ್ಮೋನಿಯಂ ದೊಡ್ಡಪ್ಪನದು, ತಬಲಾ ಚಿಕ್ಕಪ್ಪನದು, ತಾಳ ಯಾರ ಕೈಗೆ ಸಿಕ್ಕಿತೋ ಅವರದು. ಗಿಟಾರ್, ಕಹೋನ್ ಸೇರಿಸೋಣ ಅಂತ ಹಠ ಹಿಡಿದವನು ನಾನು. ಕಹೋನ್ ಅಂದರೆ ಮರದ ಪೆಟ್ಟಿಗೆ, ಅದರ ಮೇಲೇ ಕೂತು ಕೈಯಲ್ಲಿ ಬಡಿಯುವುದು. "ಇದೇನೋ, ಅಕ್ಕಿ ಪೆಟ್ಟಿಗೆ ತಂದಿದೀಯಲ್ಲ" ಅಂದರು ದೊಡ್ಡಪ್ಪ. ಆದರೆ ಮಳೆಗಾಲದಲ್ಲಿ ತಬಲಾದ ಚರ್ಮ ತಣಿದು ಸಡಿಲವಾಗುವ ಗೋಳು ಅವರಿಗೂ ಗೊತ್ತು. ಬೇಡ ಅನ್ನಲಿಲ್ಲ.

ಮೊದಲ ವಾರ ಸ್ಪೀಕರ್ ಇಟ್ಟೆವು, ಲಯ ಏರಿಸಿದೆವು. ಜನ ವಿಡಿಯೋ ತೆಗೆದರು, ಕೊನೆಗೆ ಚಪ್ಪಾಳೆ ಹೊಡೆದರು. ನನಗೋ ಜಾಸ್ತಿ ಖುಷಿ. ವಾಪಸ್ ಬರುವಾಗ ಅತ್ತೆ ಹೇಳಿದರು, "ಚೆನ್ನಾಗಿತ್ತಪ್ಪ. ಆದ್ರೆ ನಾವು ಹೇಳೋಕೆ ಜಾಗವೇ ಇರಲಿಲ್ಲ ನೋಡು."

ಹೌದಲ್ವಾ? ಒಬ್ಬರು ಹೇಳಿಕೊಟ್ಟಿದ್ದನ್ನು ಉಳಿದವರು ತಿರುಗಿ ಹೇಳಿದರೇ ಭಜನೆ. ಅವರು ತಿರುಗಿ ಹೇಳಬೇಕಾದ ಕಡೆಯಲ್ಲೆಲ್ಲ ನಾನು ಗಿಟಾರ್ ತುಂಬಿದ್ದೆ.

ಸ್ಪೀಕರ್ ಮನೆಗೆ ಹೋಯಿತು. ಜನ ಹೇಳುವಾಗ ಗಿಟಾರ್ ಸುಮ್ನಿರಬೇಕು ಅಂತ ಮಾಡಿಕೊಂಡೆವು. ದೊಡ್ಡಪ್ಪನ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂ ಸಪ್ತಕದ ಮೊದಲ ಕಪ್ಪು ಮನೆ. ಗಿಟಾರಿನ ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಸಿ ಕಾರ್ಡ್ ಹಿಡಿದರೆ ಅದೇ ಶ್ರುತಿ. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಸುವುದು. ಮೋಹನ ರಾಗದ ಹಾಡಿಗೆ ಕಾರ್ಡ್‌ಗಳು ಸಲೀಸಾಗಿ ಕೂರುತ್ತವೆ. ಮಾಯಾಮಾಳವಗೌಳದಲ್ಲಿ ಹಾಗಲ್ಲ. ಪಂಚಮದ ಮೇಲೆ ಮೇಜರ್ ಕಾರ್ಡ್ ಹಿಡಿದರೆ ಆ ರಾಗದ್ದಲ್ಲದ, ಒಂದು ಮೆಟ್ಟಿಲು ಮೇಲಿನ ರಿಷಭ ನುಗ್ಗುತ್ತದೆ. ದೊಡ್ಡಪ್ಪ ಒಮ್ಮೆ ತಿದಿ ನಿಲ್ಲಿಸಿ ನನ್ನನ್ನೇ ನೋಡಿದ್ದು ಅದಕ್ಕೇ. ಈಗ ಅಂಥ ಹಾಡಿಗೆ ತಂಬೂರಿ ಥರ ಷಡ್ಜ, ಪಂಚಮ ಎರಡನ್ನೇ ಮೀಟುತ್ತೇನೆ. ಹಿಂದೋಳದಲ್ಲಿ ಪಂಚಮವೂ ಇಲ್ಲ, ಅಲ್ಲಿ ಷಡ್ಜ, ಮಧ್ಯಮ.

ಹೊಸ ಮಟ್ಟು ಹಾಕಿದ್ದು ಒಂದಕ್ಕೇ, ಅಕ್ಕಮಹಾದೇವಿಯ ಒಂದು ವಚನಕ್ಕೆ. ಅಕ್ಕ ನಮ್ಮ ಜಿಲ್ಲೆಯವಳೇ, ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ವಚನಕ್ಕೆ ಇಂಥದ್ದೇ ರಾಗ ಅಂತ ಕಟ್ಟಿಲ್ಲ, ಹಾಗಾಗಿ ಯಾರೂ ತಕರಾರು ತೆಗೆಯಲಿಲ್ಲ. ಸಾಲುಗಳನ್ನು ಗಿಡ್ಡ ಮಾಡಿ, ಒಂದೊಂದನ್ನೂ ಎರಡು ಸಲ ಹೇಳುವ ಹಾಗೆ ಕೂರಿಸಿದೆ. ಮೂರನೇ ವಾರಕ್ಕೆ ಅತ್ತೆಯೇ ಹೇಳಿಕೊಡತೊಡಗಿದರು, ನಾನು ಹಾಕಿದ ಮಟ್ಟನ್ನು ಒಂದೆರಡು ಕಡೆ ಬದಲಿಸಿ. ಅವರದ್ದೇ ಚೆನ್ನಾಗಿದೆ ಅನ್ನಿ.

ಮಂಗಳಾರತಿಗೆ ಮಾತ್ರ ಗಿಟಾರ್ ಇಲ್ಲ. ಭಟ್ಟರು ಬೇಡ ಅಂದದ್ದಲ್ಲ. ಜಾಗಟೆ ಶುರುವಾದ ಮೇಲೆ ಅದು ಕೇಳಿಸುವುದೇ ಇಲ್ಲ. ಆ ಹೊತ್ತಿಗೆ ತಂತಿ ಒರೆಸಿ ಚೀಲಕ್ಕೆ ಹಾಕಿಬಿಡುತ್ತೇನೆ. ಶ್ರಾವಣದ ತೇವಕ್ಕೆ ತುಕ್ಕು ಹಿಡಿಯಲು ಒಂದು ವಾರ ಸಾಕು.