ಕೆರೆ ಕೆಸರಿನ ಬ್ಯಾಕ್ಟೀರಿಯಾಗೆ ಬಣ್ಣ ಹತ್ತಿಸಿದ್ದು: ನನ್ನ ಅನುಭವ

ಕೋಲಾರದ ಕೆರೆ ಕೆಸರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹತ್ತಿಸುತ್ತೇನೆ ಅಂದಾಗ ಜೊತೆಯವರು ನಕ್ಕರು. ಕೆಸರೇ ಹೊಳೆಯುತ್ತೆ, ಅದರಲ್ಲಿ ನಿನಗೇನು ಕಾಣುತ್ತೆ ಅಂದರು. ಈಗ ಅವರೇ ಸ್ಲೈಡ್ ನೋಡೋಕೆ ಬರುತ್ತಾರೆ.

2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ನಮ್ಮ ಕೆರೆಗಳಿಗೆ ಇಳಿಯುತ್ತಿದೆ. ಅದರ ಜೊತೆ ಬರುವ ಅಮೋನಿಯಾವನ್ನು ತಿನ್ನುವವು ಯಾವು ಅಂತ ನೋಡಬೇಕಿತ್ತು. ಡಿಎನ್‌ಎ ತೆಗೆದರೆ ಸತ್ತವೂ ಲೆಕ್ಕಕ್ಕೆ ಬರುತ್ತವೆ. ನನಗೆ ಬೇಕಿದ್ದದ್ದು ಈಗ ದುಡಿಯುತ್ತಿರುವವು. ಅದಕ್ಕೆ 1,7-ಆಕ್ಟಾಡೈಯೈನ್ ಎಂಬ ಸಣ್ಣ ಅಣು ಬಳಸಿದೆ. ಅಮೋನಿಯಾ ತಿನ್ನುವ ಕಿಣ್ವ, ಅಂದರೆ ಅಮೋನಿಯಾ ಮಾನೋಆಕ್ಸಿಜನೇಸ್, ಇದನ್ನೂ ತಿನ್ನಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ, ಹೊರಗುಳಿದ ಅಣುವಿನ ತುದಿಗೆ ಕ್ಲಿಕ್ ಎಂಬ ರಾಸಾಯನಿಕ ಜೋಡಣೆಯಲ್ಲಿ ಅಜೈಡ್ ಕೊಂಡಿಯಿರುವ ಹೊಳೆಯುವ ಬಣ್ಣ. ನೂರು ಮೈಕ್ರೋಮೋಲಾರ್ ಆಸುಪಾಸು, ಅರ್ಧ ಗಂಟೆ, ಗಾಳಿ ಸಿಗುವಂತೆ ಅಲುಗಾಡಿಸುತ್ತಾ. ಕೋಶಗಳನ್ನು ಇದ್ದ ಹಾಗೇ ನಿಲ್ಲಿಸುವ ಫಿಕ್ಸ್ ಮಾಡುವುದು ಆಮೇಲೆ.

ದುಡ್ಡು ಹೋಗಿದ್ದು ಬಣ್ಣಕ್ಕೆ. ಒಂದು ಸಣ್ಣ ಬಾಟಲಿಗೆ ಹದಿನೆಂಟು ಸಾವಿರದ ಹತ್ತಿರ, ಬರೋದು ತಿಂಗಳುಗಟ್ಟಲೆ ತಡ. ಮೊದಲು ತರಿಸಿದ ಸೈ5 ಎಂಬ ಕೆಂಪು ಬಣ್ಣ ಇಲ್ಲಿ ದಂಡ. ಪಾಚಿಯ ಕ್ಲೋರೋಫಿಲ್ ಅದೇ ಕೆಂಪಿನಲ್ಲಿ ಉರಿಯುತ್ತದೆ, ಯಾವುದು ಏನು ಅಂತ ತಿಳಿಯೋದೇ ಇಲ್ಲ. 488 ನ್ಯಾನೋಮೀಟರ್ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಬಣ್ಣಕ್ಕೆ ಬಂದೆ. ಆಗ ಮಣ್ಣಿನ ಕಣಗಳು ಹಸಿರಾಗಿ ಮಿನುಗಿದವು. ನೈಕೋಡೆನ್ಜ್ ಎಂಬ ದಟ್ಟ ದ್ರಾವಣದ ಮೇಲೆ ತೇಲಿಸಿ ಕೋಶಗಳನ್ನು ಬೇರ್ಪಡಿಸಿದ ಮೇಲೆ ತಕ್ಕಮಟ್ಟಿಗೆ ಸರಿಹೋಯಿತು. ಅದಕ್ಕೂ ಮುಂಚೆ ಒಂದು ತೊಳೆಯುವಿಕೆ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ! ಇನ್ನೊಂದು ಮಾತು: ಕ್ಲಿಕ್‌ಗೆ ಬೇಕಾದ ಆಸ್ಕಾರ್ಬೇಟ್ (ವಿಟಮಿನ್ ಸಿ ಲವಣ) ಅವತ್ತೇ ಕಲಸಿ. ಹಳದಿಗೆ ತಿರುಗಿದ್ದರೆ ಎಸೆಯಿರಿ, ಕ್ಲಿಕ್ ಆಗೋದೇ ಇಲ್ಲ.

ಹೋಲಿಸಿ ನೋಡುವ ಕಂಟ್ರೋಲ್‌ಗೆ ಅಸಿಟಿಲೀನ್ ಗ್ಯಾಸ್ ಬೇಕಿತ್ತು. ಅದು ಕಿಣ್ವವನ್ನು ಮೊದಲೇ ಕೆಡಿಸಿಬಿಟ್ಟರೆ ಹಸಿರು ಬರಬಾರದು. ಸಿಲಿಂಡರ್ ಗೊಡವೆಗೆ ಹೋಗಲಿಲ್ಲ. ವೆಲ್ಡಿಂಗ್ ಅಂಗಡಿಯ ಕಾರ್ಬೈಡ್ ಚೂರು ನೀರಿಗೆ ಹಾಕಿದೆ. ಆ ಗ್ಯಾಸಿನಲ್ಲಿ ಫಾಸ್ಫೀನ್ ಕಲಬೆರಕೆ ಇರುತ್ತದೆ, ಹಾಗಾಗಿ ಮೈಲುತುತ್ತದ ನೀರಿನಲ್ಲಿ ಹಾಯಿಸಿ ಸಿರಿಂಜಿಗೆ ಎಳೆದೆ. ಹತ್ತಿರ ಬೆಂಕಿ ಇರಬಾರದು ಅಂತ ನಿಮಗೆ ಹೇಳಬೇಕಾಗಿಲ್ಲ. ಖರ್ಚು ನೂರು ರೂಪಾಯಿಯೂ ಇಲ್ಲ. ಆದರೆ ಶ್ರೀನಿವಾಸಪುರದ ಕಡೆ ಕಾರ್ಬೈಡ್ ಕೇಳಿದರೆ ಮಾವು ಹಣ್ಣು ಮಾಡೋಕೆ ಅಂದುಕೊಂಡು ಒಂಥರಾ ನೋಡುತ್ತಾರೆ, ಅದು ನಿಷೇಧ ಅಲ್ವಾ! ಸ್ಲೈಡ್ ಮಾತ್ರ ಕಪ್ಪಾಗಿಯೇ ಉಳಿಯಿತು, ಗೆದ್ದೆ.

ಬರೀ ಹಸಿರನ್ನು ನಂಬಬೇಡಿ. ಮೀಥೇನ್ ತಿನ್ನುವವೂ ಇದೇ ಬಣ್ಣ ಹಿಡಿಯುತ್ತವೆ. ಅದಕ್ಕೆ ಮೇಲಿಂದ ಫಿಶ್ (FISH) ಮಾಡಿದೆ, ಅಂದರೆ ಬೇಕಾದ ಗುಂಪಿನ ಕೋಶಗಳಿಗೆ ಮಾತ್ರ ಅಂಟುವ ಬಣ್ಣದ ಡಿಎನ್‌ಎ ತುಣುಕು ಹಚ್ಚಿದೆ. ಸೈ3 ಎಂಬ ಇನ್ನೊಂದು ಬಣ್ಣ ಹಚ್ಚಿದ, ನೈಟ್ರೋಸ್ಪೈರಾ ಬ್ಯಾಕ್ಟೀರಿಯಾಗಳಿಗೆ ಅಂಟುವ ಎನ್‌ಟಿಸ್ಪಾ662 ತುಣುಕು, ಫಾರ್ಮಮೈಡ್ 35%, 46 ಡಿಗ್ರಿ. ನೈಟ್ರೈಟ್ ಮಾತ್ರ ತಿನ್ನುವ ನೈಟ್ರೋಸ್ಪೈರಾಗೆ ಈ ಕಿಣ್ವವೇ ಇಲ್ಲ. ಎರಡೂ ಬಣ್ಣ ಒಂದೇ ಕೋಶದಲ್ಲಿ ಬಿದ್ದರೆ ಅದು ಕಾಮಮ್ಮಾಕ್ಸ್, ಅಮೋನಿಯಾವನ್ನು ಒಂದೇ ಕೋಶ ನೈಟ್ರೇಟ್‌ವರೆಗೂ ತಿನ್ನುವ, 2015ರಲ್ಲಿ ಗೊತ್ತಾದ ಬಗೆ. ಅಂಥವು ನಮ್ಮ ಕೆಸರಿನಲ್ಲಿ ಗುಂಪು ಗುಂಪಾಗಿ ಸಿಕ್ಕವು, ಮೇಲಿನ ಒಂದೆರಡು ಮಿಲಿಮೀಟರಿನಲ್ಲಿ ಜಾಸ್ತಿ. ಎಣಿಕೆ ಇನ್ನೂ ಬಾಕಿ ಇದೆ.

ಬೇವಿನ ಹಿಂಡಿ ಅಮೋನಿಯಾ ತಿನ್ನುವವನ್ನು ತಡೆಯುತ್ತದೆ ಅಂತಾರೆ, ಸುಮ್ನೆ ಇರಲಾರದೆ ಟೊಮ್ಯಾಟೊ ತೋಟದ ಮಣ್ಣಿಗೆ ಅದನ್ನು ಬೆರೆಸಿಯೂ ನೋಡಿದೆ. ಹಸಿರು ಕಮ್ಮಿಯಾಯಿತು ಅನ್ನಿಸಿತು, ಆದರೆ ಹಿಂಡಿಯೇ ಹೊಳೆದು ಲೆಕ್ಕ ಕೆಡಿಸಿತು. ಬಣ್ಣದ ಬಾಟಲಿ ಹಂಚಿಕೊಂಡು ತರಿಸುವವರು ಇನ್ನಿಬ್ಬರು ಸಿಕ್ಕರೆ ಅದನ್ನು ಬೇಸಿಗೆಗೆ ಮತ್ತೆ ಮಾಡುತ್ತೇನೆ.